ರೇಷ್ಮೆ ಕಡ್ಡಿ

ನಮ್ಮ ಕಡೆ ಹಿಪ್ಪುನೇರಳೆ ಗಿಡದ ಕೊಂಬೆಗೆ ರೇಷ್ಮೆ ಕಡ್ಡಿ ಅಂತಾರೆ. ಹುಳು ಸೊಪ್ಪು ತಿಂದು ಮುಗಿಸಿದ ಮೇಲೆ ಉಳಿಯುವುದು ಈ ಕಡ್ಡಿಯೇ. ಶಿಡ್ಲಘಟ್ಟ ತಾಲ್ಲೂಕಿನ ಯಾವ ಊರಿಗೆ ಬಂದರೂ ಹುಳು ಸಾಕುವ ಮನೆಯ ಹಿಂದೆ ಇದರ ರಾಶಿ ಕಾಣುತ್ತದೆ. ಒಣಗಿದ್ದು ಒಲೆಗೆ ಹೋಗುತ್ತದೆ. ಹಸಿಯಾಗಿದ್ದಾಗ ಅದಕ್ಕೆ ಇನ್ನೊಂದು ಕೆಲಸ ಇದೆ. ಬಗ್ಗುತ್ತದೆ, ಮುರಿಯುವುದಿಲ್ಲ, ಬೀಸಿದರೆ ಸುಯ್ ಅನ್ನುತ್ತದೆ. ನಾನು ಅದರಲ್ಲಿ ಏಟು ತಿಂದೇ ಬೆಳೆದವನು. ನಮ್ಮಪ್ಪನಿಗೆ ಕೋಲು ಹುಡುಕುವ ಕಷ್ಟವೇ ಇರಲಿಲ್ಲ, ಬಾಗಿಲ ಹತ್ತಿರ ಕೈ ಚಾಚಿದರೆ ಸಿಗುತ್ತಿತ್ತು.

ಮೂರು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ಅಕ್ಕನ ಮಗ ನಮ್ಮನೆಗೆ ಬಂದ. ಆಗ ಅವನಿಗೆ ಒಂಬತ್ತು ವರ್ಷ. ಹೆಸರು ಬರೆಯುವುದಿಲ್ಲ. ಮನೆಯಲ್ಲಿ ಎಲ್ಲರೂ ಪುಟ್ಟ ಅಂತಲೇ ಕರೆಯುತ್ತೇವೆ. ಭಾವ ಕುಡಿಯುತ್ತಿದ್ದರು. ಕುಡಿದು ಬಂದ ಮೇಲೆ ಮನೆಯಲ್ಲಿ ಏನಾಗುತ್ತಿತ್ತು ಅನ್ನುವುದು ನಮಗೆ ಅರ್ಧ ಗೊತ್ತಿತ್ತು. ಇನ್ನರ್ಧ ಗೊತ್ತಿಲ್ಲದ ಹಾಗೆ ನಾವೇ ಇದ್ದೆವು. ಒಂದು ರಾತ್ರಿ ಬೈಕ್ ಮೇಲಿಂದ ಬಿದ್ದು ಭಾವ ಹೋದರು. ಅಕ್ಕ ದೊಡ್ಡಬಳ್ಳಾಪುರದ ಕಡೆ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿಕೊಂಡಳು. ನಾಲ್ಕು ಜನ ಹೆಂಗಸರು ಸೇರಿ ಮಾಡಿಕೊಂಡ ಒಂದೇ ರೂಮು. "ಒಂದು ವರ್ಷ ಇಟ್ಕೊಳೋ, ಆಮೇಲೆ ಕರ್ಕೊಂಡೋಗ್ತೀನಿ" ಅಂದಳು. ಸೋದರಮಾವ ನಾನು, ಇಲ್ಲ ಅನ್ನುವ ಮಾತೇ ಬರಲಿಲ್ಲ.

ಮೊದಲ ವಾರ ಅವನು ಮಾತಾಡಲಿಲ್ಲ. ಎರಡನೇ ವಾರ ನನ್ನ ಹೆಂಡತಿ ಹಾಸಿಗೆ ಕೊಡವುವಾಗ ಅವನ ದಿಂಬಿನ ಕೆಳಗೆ ಬಿಸ್ಕತ್ತು, ಅರ್ಧ ಚಪಾತಿ, ಒಣಗಿ ಕಲ್ಲಾಗಿದ್ದ ಮುದ್ದೆಯ ಚೂರು ಸಿಕ್ಕವು. ನಮ್ಮನೆಯಲ್ಲಿ ಊಟಕ್ಕೆ ಕೊರತೆ ಇರಲಿಲ್ಲ. ಯಾಕೆ ಬಚ್ಚಿಟ್ಟೆ ಅಂದರೆ ನೆಲ ನೋಡಿದ. ಮೂರನೇ ವಾರದಿಂದ ದೂರು ಶುರುವಾಯಿತು. ಪಕ್ಕದ ಮನೆ ಹುಡುಗನ ಕೈ ಕಚ್ಚಿದ. ಹಸುವಿಗೆ ಕಲ್ಲು ಹೊಡೆದ. ಶಾಲೆಯಲ್ಲಿ ಇನ್ನೊಬ್ಬನ ಪುಸ್ತಕ ಹರಿದು ಚರಂಡಿಗೆ ಹಾಕಿದ. ಆರು ವರ್ಷದ ನನ್ನ ಮಗಳ ಜಡೆ ಹಿಡಿದು ಎಳೆದ. ಕೇಳಿದರೆ ಒಂದೇ ಉತ್ತರ, "ನಾನಲ್ಲ."

ಊರಿನವರ ಸಲಹೆಗೆ ಬರ ಇರಲಿಲ್ಲ. ದಂಡಂ ದಶಗುಣಂ ಅಂದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ ಅಂದರು. ತಂದೆ ಇಲ್ಲದ ಹುಡುಗ, ನೀನೇ ಹತೋಟಿಯಲ್ಲಿ ಇಟ್ಟುಕೊಳ್ಳಬೇಕು ಅಂದರು. ಆಗ ನನಗೂ ಅದು ಸರಿ ಅನ್ನಿಸಿತು. ಈಗ ಆ ಗಾದೆ ಕೇಳಿದರೆ ಬೇರೆ ಯೋಚನೆ ಬರುತ್ತದೆ. ನಾವು ಟೊಮೆಟೊ ಬೆಳೆಯುವವರು. ಗಿಡ ನೇರ ಬರಲಿ ಅಂತ ಪಕ್ಕದಲ್ಲಿ ಕೋಲು ನೆಟ್ಟು ದಾರ ಕಟ್ಟುತ್ತೇವೆ. ಬೆಳೆದ ಹಾಗೆಲ್ಲ ಇನ್ನೊಂದು ಸಾಲು ದಾರ ಎಳೆಯುತ್ತೇವೆ. ಆ ಕೋಲಿನಿಂದ ಗಿಡಕ್ಕೆ ಹೊಡೆಯುವುದನ್ನು ನಾನು ಎಲ್ಲೂ ನೋಡಿಲ್ಲ.

ಆಗಸ್ಟ್‌ನಲ್ಲಿ ಹಾಲಿನ ಬಟವಾಡೆ ದುಡ್ಡಿನಲ್ಲಿ 200 ರೂಪಾಯಿ ಕಾಣಲಿಲ್ಲ. ಅವನ ಚಡ್ಡಿ ಜೇಬಲ್ಲಿ ಸಿಕ್ಕಿತು. ಕೈಯಲ್ಲಿ ಹಿಡಿದುಕೊಂಡು ತೋರಿಸಿದರೂ "ನಾನಲ್ಲ" ಅಂದ. ನಾನು ಬಾಗಿಲ ಹತ್ತಿರ ಕೈ ಚಾಚಿದೆ. ಎಷ್ಟು ಹೊಡೆದೆ ನೆನಪಿಲ್ಲ. ಪ್ರತಿ ಏಟಿಗೂ "ಇನ್ನೊಂದ್ ಸಲ ಮುಟ್ತೀಯಾ? ಕೇಳ್ತಿದೀನಿ, ಮುಟ್ತೀಯಾ?" ಅಂತಿದ್ದೆ. ಅವನು ಅಳಲಿಲ್ಲ. ಓಡಲಿಲ್ಲ. ಎರಡೂ ಕೈ ಪಕ್ಕಕ್ಕೆ ಬಿಟ್ಟು, ಗೋಡೆಯ ಒಂದೇ ಜಾಗ ನೋಡುತ್ತಾ ನಿಂತಿದ್ದ. ನಾನು ಸುಸ್ತಾಗಿ ನಿಲ್ಲಿಸಿದಾಗ ತಿರುಗಿ ನೋಡಿ ಕೇಳಿದ, "ಆಯ್ತಾ ಮಾವ?"

ಕೊಬ್ಬಿನಿಂದ ಕೇಳಿದ್ದಲ್ಲ. ಬಸ್ಸು ನಿಂತಾಗ ಇಳಿಯಬಹುದಾ ಅಂತ ಕೇಳುತ್ತೇವಲ್ಲ, ಹಾಗೆ. ಏಟು ಅವನಿಗೆ ಹೊಸದಾಗಿರಲಿಲ್ಲ. ಹೇಗೆ ನಿಂತರೆ ಬೇಗ ಮುಗಿಯುತ್ತದೆ ಅನ್ನುವುದನ್ನು ಬೇರೆ ಮನೆಯಲ್ಲಿ ಕಲಿತು ಬಂದಿದ್ದ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಆದರೂ ಹೊಡೆದದ್ದು ತಪ್ಪು ಅಂತ ನನಗಿನ್ನೂ ಗಟ್ಟಿಯಾಗಿ ಅನ್ನಿಸಿರಲಿಲ್ಲ.

ಅನ್ನಿಸಿದ್ದು ಹತ್ತು ದಿನ ಆದ ಮೇಲೆ. ತೋಟದಿಂದ ಸೊಪ್ಪಿನ ಹೊರೆ ತರುತ್ತಿದ್ದೆ. ಮನೆಯ ಹಿಂದೆ ಯಾರೋ ಗದರುವ ದನಿ ಕೇಳಿತು. "ಇನ್ನೊಂದ್ ಸಲ ಮುಟ್ತೀಯಾ? ಕೇಳ್ತಿದೀನಿ, ಮುಟ್ತೀಯಾ?" ಪುಟ್ಟ ನನ್ನ ಮಗಳನ್ನು ಗೋಡೆಗೆ ನಿಲ್ಲಿಸಿ ರೇಷ್ಮೆ ಕಡ್ಡಿಯಲ್ಲಿ ಹೊಡೆಯುತ್ತಿದ್ದ. ಅವನ ಗೋಲಿ ಮುಟ್ಟಿದ್ದಳಂತೆ. ಮಾತು ನನ್ನದು. ಏಟು ಏಟಿಗೂ ಮಾತು ನಿಲ್ಲಿಸುವ ರೀತಿ ನನ್ನದು. ಎಡಗೈ ಸೊಂಟದ ಮೇಲಿಟ್ಟುಕೊಂಡಿದ್ದ, ಅದೂ ನನ್ನದೇ. ಹೊರೆ ಇಳಿಸುವುದನ್ನೂ ಮರೆತು ನಿಂತುಬಿಟ್ಟೆ. ಕದಿಯಬಾರದು ಅಂತ ಕಲಿಸಲು ಹೊರಟವನು ನಾನು. ಅವನು ಕಲಿತದ್ದು ತನಗಿಂತ ಚಿಕ್ಕವರು ಸಿಕ್ಕರೆ ಹೊಡೆಯಬಹುದು ಅನ್ನುವುದನ್ನು.

ಆ ವಾರವೇ ಅವನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮನೋಚೈತನ್ಯ ಅಂತ ಸರ್ಕಾರದ ಕಾರ್ಯಕ್ರಮ ಇದೆ, ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರ ತಂಡ ಬರುತ್ತದೆ. ನಮ್ಮೂರ ಆಶಾ ಕಾರ್ಯಕರ್ತೆ ಹೇಳಿರದಿದ್ದರೆ ನನಗೆ ತಿಳಿಯುತ್ತಿರಲಿಲ್ಲ. "ಹುಚ್ಚರ ಡಾಕ್ಟರ ಹತ್ರ ಮಗೂನ ಕರ್ಕೊಂಡೋಗ್ತೀಯೇನೋ" ಅಂತ ಅಮ್ಮ ಬೈದರು. ಅಲ್ಲಿದ್ದ ಆಪ್ತಸಮಾಲೋಚಕಿ ಅವನ ಜೊತೆ ಅರ್ಧ ಗಂಟೆ ಇದ್ದರು. ಒಂದು ಹಾಳೆ, ಬಣ್ಣದ ಪೆನ್ಸಿಲು ಕೊಟ್ಟಿದ್ದರು ಅಷ್ಟೇ. ಆಮೇಲೆ ನನ್ನನ್ನು ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿದರು. "ಇವನು ಗಲಾಟೆ ಮಾಡೋದು ದಿನದಲ್ಲಿ ಯಾವ ಹೊತ್ತು?"

ನನಗೆ ಗೊತ್ತಿರಲಿಲ್ಲ. ಹಸು ಯಾವ ಹೊತ್ತಿಗೆ ಎಷ್ಟು ಹಾಲು ಕೊಡುತ್ತದೆ ಗೊತ್ತು. ಹುಳು ಯಾವ ದಿನ ಜ್ವರಕ್ಕೆ ಕೂರುತ್ತದೆ, ಯಾವ ದಿನ ಏಳುತ್ತದೆ ಗೊತ್ತು; ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ಕೂರುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಇದು ಗೊತ್ತಿರಲಿಲ್ಲ. ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ ಅಂದರು. ಏನು ಮಾಡಿದ, ಎಷ್ಟು ಗಂಟೆಗೆ, ಅದಕ್ಕೆ ಮುಂಚೆ ಏನಾಗಿತ್ತು, ಆಮೇಲೆ ನೀವೇನು ಮಾಡಿದಿರಿ. ನಾಲ್ಕು ಕಾಲಂ. ಹೆಂಡತಿ ಹಾಲಿನ ಡೈರಿಯ ಪಾಸ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಗೆರೆ ಎಳೆದಳು, ಅದೇ ನಮ್ಮ ನೋಟ್‌ಬುಕ್.

ಮೂರು ವಾರಕ್ಕೆ ಗೊತ್ತಾಯಿತು. ಹೆಚ್ಚಿನವೆಲ್ಲ ಸಂಜೆ ಆರರಿಂದ ಎಂಟರ ಒಳಗೆ. ಕತ್ತಲಾಗುವ ಹೊತ್ತು. ಫೋನಿನಲ್ಲಿ ಅಕ್ಕನಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಬರ್ತಿದ್ದ ಟೈಮು ಕಣೋ ಅದು" ಅಂದಳು.

ಇಷ್ಟು ದಿನ ಯಾರೂ ಆ ಹುಡುಗನ ಸಂಜೆಗಳ ಬಗ್ಗೆ ಯೋಚನೆ ಮಾಡಿರಲಿಲ್ಲ. ಕಾಲಿಂಗ್ ಬೆಲ್ ಇಲ್ಲದ ಮನೆ, ಬಾಗಿಲು ಸದ್ದಾದರೆ ಸಾಕು ಮೈಯೆಲ್ಲ ಬಿಗಿ ಹಿಡಿಯುವ ಮಗು. ಹೆದರಿದ ಮೈ ಪಾಠ ಕಲಿಯುವುದಿಲ್ಲ. ಓಡಬೇಕಾ, ಕಚ್ಚಬೇಕಾ, ಕಲ್ಲಾಗಿ ನಿಲ್ಲಬೇಕಾ, ಇಷ್ಟೇ ನೋಡುತ್ತದೆ. ಅಂಥ ಹೊತ್ತಲ್ಲಿ ನಾವು ಕೋಲು ಹಿಡಿದರೆ ಅವನ ಹೆದರಿಕೆ ನಿಜ ಅಂತ ನಾವೇ ಸಾಕ್ಷಿ ಹೇಳಿದ ಹಾಗೆ.

ಅವತ್ತಿನಿಂದ ಸಂಜೆ ಡೈರಿಗೆ ಹಾಲು ಹಾಕಲು ಅವನನ್ನು ಜೊತೆಗೆ ಕರೆದುಕೊಂಡು ಹೋಗಲು ಶುರು ಮಾಡಿದೆ. ಕ್ಯಾನಿನ ಒಂದು ಕಡೆ ಅವನು ಹಿಡಿಯುತ್ತಾನೆ. ಡೈರಿಯಲ್ಲಿ ಮಷೀನಿನ ಮೇಲೆ ಫ್ಯಾಟ್ ಎಷ್ಟು ಬಂತು ಅಂತ ಓದಿ ಪಾಸ್‌ಬುಕ್ಕಿಗೆ ಬರೆಯುವುದು ಅವನ ಕೆಲಸ. 3.8 ಬಂದ ದಿನ ಅವನ ಮುಖ ನೋಡಬೇಕು. ಬರುವಾಗ ಅಂಗಡಿ ಹತ್ತಿರ ಎರಡು ನಿಮಿಷ ನಿಲ್ಲುತ್ತೇವೆ, ಎರಡು ಕಡ್ಲೆ ಮಿಠಾಯಿ, ಒಂದು ಅವನಿಗೆ, ಒಂದು ಮಗಳಿಗೆ. ಮನೆಗೆ ಬರುವಷ್ಟರಲ್ಲಿ ಏಳು ದಾಟಿರುತ್ತದೆ. ಏಳೂವರೆಗೆ ಅಕ್ಕನ ಫೋನು, ದಿನಾ ಅದೇ ಹೊತ್ತಿಗೆ. ಇದರಲ್ಲಿ ಶಿಕ್ಷೆ ಎಲ್ಲೂ ಇಲ್ಲ. ಆದರೂ ನೋಟ್‌ಬುಕ್ಕಿನ ಸಾಲು ಅರ್ಧ ಕಮ್ಮಿಯಾದವು.

ಉಳಿದ ಅರ್ಧ ಇತ್ತು. ಅದನ್ನು ಮುಚ್ಚಿಡುವುದಿಲ್ಲ.

ಶಾಲೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮೊದಲು ಓದುತ್ತಿದ್ದ ಶಾಲೆಯಲ್ಲಿ ಒಬ್ಬ ಮಾಸ್ತರು ಅವನನ್ನು ಬಿಸಿಲಿನಲ್ಲಿ ಮಂಡಿ ಊರಿಸಿ ಕೂರಿಸುತ್ತಿದ್ದರಂತೆ. ಮಕ್ಕಳಿಗೆ ಹೊಡೆಯುವುದನ್ನು, ಮನಸ್ಸಿಗೆ ಹಿಂಸೆ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧ ಮಾಡಿದೆ. 2010ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಆದರೂ ಇವತ್ತಿಗೂ "ನಾಲ್ಕು ಬಿಡಿ ಸಾರ್, ನಾವೇನೂ ಅನ್ನಲ್ಲ" ಅಂತ ಮಾಸ್ತರಿಗೆ ಹೇಳುವವರು ಅಪ್ಪ ಅಮ್ಮಂದಿರೇ. ನಮ್ಮೂರ ಶಾಲೆಯ ಹೆಡ್‌ಮಾಸ್ತರು ಒಳ್ಳೆಯವರು. ಅವನನ್ನು ಕೊನೆ ಬೆಂಚಿನಿಂದ ಎಬ್ಬಿಸಿ ಬಾಗಿಲು ಕಾಣುವ ಕಡೆ ಕೂರಿಸಿದರು. ಹೊರಗೆ ಯಾರು ಬರುತ್ತಾರೆ ಅಂತ ಕಂಡರೆ ಅವನಿಗೆ ಸಮಾಧಾನ. ಅಷ್ಟರಿಂದಲೇ ಶಾಲೆಯ ದೂರು ಬಹಳ ಕಮ್ಮಿಯಾಯಿತು.

ಮನೆಯ ಏಟಿಗೆ ಶಾಲೆಯ ಹಾಗೆ ನೇರವಾದ ನಿಷೇಧ ನಮ್ಮಲ್ಲಿ ಇಲ್ಲ. ಮಗುವಿನ ಜವಾಬ್ದಾರಿ ಇರುವವರು ಕ್ರೌರ್ಯ ನಡೆಸಿದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಮೂರು ವರ್ಷದ ತನಕ ಜೈಲು ಆಗಬಹುದು. ಆದರೆ ನಾಲ್ಕು ಏಟನ್ನು ಕ್ರೌರ್ಯ ಅಂತ ನಮ್ಮಲ್ಲಿ ಯಾರು ಅಂದುಕೊಳ್ಳುತ್ತಾರೆ? ಸ್ವೀಡನ್ ದೇಶ 1979ರಲ್ಲೇ ತಂದೆ ತಾಯಿ ಕೂಡ ಹೊಡೆಯಬಾರದು ಅಂತ ಕಾನೂನು ಮಾಡಿತು. ಈಗ 60ಕ್ಕೂ ಹೆಚ್ಚು ದೇಶಗಳಲ್ಲಿ ಅದು ಇದೆ. ನಮ್ಮ ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಇಲಾಖೆ 2007ರಲ್ಲಿ 13 ರಾಜ್ಯಗಳ ಮಕ್ಕಳನ್ನು ಮಾತಾಡಿಸಿತ್ತು. ಮೂವರಲ್ಲಿ ಇಬ್ಬರು ಏಟು ತಿಂದವರು. ಅದನ್ನು ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ. ಉಳಿದ ಆ ಒಬ್ಬ ಮಗುವಿನ ಮನೆ ಹೇಗಿರಬಹುದು ಅಂತ ನೋಡುವ ಆಸೆ ಆಯಿತು.

ಈಗ ಡಿಸೆಂಬರಿನ ಆ ಬೆಳಗ್ಗೆಗೆ ಬರುತ್ತೇನೆ.

150 ಮೊಟ್ಟೆ ಹುಳು ಮೇಯಿಸುತ್ತಿದ್ದೆವು. ಒಂದು ಮೊಟ್ಟೆ ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪು, ಅದರಲ್ಲಿ ನೂರಾರು ಹುಳು. ಬೈವೋಲ್ಟೈನ್ ಅನ್ನುವ ತಳಿ. ನಾಲ್ಕನೇ ಜ್ವರ ಎದ್ದು ಮೂರನೇ ದಿನ. ಹುಳು ಸಾಕದವರಿಗೆ ಒಂದು ಮಾತು ಹೇಳುತ್ತೇನೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಹುಳು ತಿನ್ನುವುದೇ ತಿನ್ನುವುದು. ಒಟ್ಟು ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ಈ ಒಂದು ವಾರದಲ್ಲೇ ಹೋಗುತ್ತದೆ. ರಾತ್ರಿ ಹೊತ್ತು ಹುಳು ಮನೆಗೆ ಕಾಲಿಟ್ಟರೆ ಸಣ್ಣಗೆ ಮಳೆ ಬಂದ ಹಾಗೆ ಸದ್ದು. ಮನೆಯವರೆಲ್ಲ ನಿದ್ದೆಗೆಟ್ಟು ಸೊಪ್ಪು ಕಡಿಯುವ ದಿನಗಳು. ಆ ಬೆಳೆ ನಂಬಿ ಸೊಸೈಟಿ ಸಾಲದ ಕಂತು ಇತ್ತು, ಮಗಳ ಫೀಸು ಇತ್ತು.

ಬೆಳಗ್ಗೆ ಐದಕ್ಕೆ ಬಾಗಿಲು ತೆಗೆದೆ. ಮಳೆ ಸದ್ದು ಇರಲಿಲ್ಲ. ಸೊಳ್ಳೆ ಬತ್ತಿಯ ವಾಸನೆ.

ರೇಷ್ಮೆ ಮನೆಯಲ್ಲಿ ಸೊಳ್ಳೆ ಬತ್ತಿ ವಿಷ. ಊದುಬತ್ತಿಯನ್ನೂ ನಾವು ಹತ್ತಿರ ಬಿಡುವುದಿಲ್ಲ. ಹೊಗೆಸೊಪ್ಪು ಮುಟ್ಟಿದ ಕೈಯನ್ನೂ ತೊಳೆದು ಒಳಗೆ ಹೋಗುತ್ತೇವೆ. ಲೈಟ್ ಹಾಕಿದೆ. ಸ್ಟ್ಯಾಂಡಿನ ಕೆಳಗೆ ಎರಡು ಬತ್ತಿ ಉರಿದು ಬೂದಿಯ ಸುರುಳಿ ಹಾಗೇ ಇತ್ತು. ಹುಳುಗಳು ತಲೆ ಎತ್ತಿ ಮೈ ತಿರುಚಿಕೊಂಡು ಬಾಯಲ್ಲಿ ಹಸಿರು ನೀರು ಕಕ್ಕುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಮುಕ್ಕಾಲು ಪಾಲು ಹೋಯಿತು.

ಬೀಗದ ಕೈ ಎಲ್ಲಿರುತ್ತದೆ ಅಂತ ಗೊತ್ತಿದ್ದವರು ಮನೆಯವರು ಮಾತ್ರ. ಪುಟ್ಟ ಜಗಲಿಯ ಮೇಲೆ ಮೊಣಕಾಲು ತಬ್ಬಿ ಕೂತಿದ್ದ. ಓಡಿರಲಿಲ್ಲ. ನನ್ನನ್ನು ನೋಡಿ ಎದ್ದು ನಿಂತ. ಎರಡೂ ಕೈ ಪಕ್ಕಕ್ಕೆ ಬಿಟ್ಟ. ಗೋಡೆಯ ಕಡೆ ತಿರುಗಿದ.

ನನ್ನ ಕೈಯಲ್ಲಿ ಕಡ್ಡಿ ಇತ್ತು. ಯಾವಾಗ ತೆಗೆದುಕೊಂಡೆನೋ ತಿಳಿಯದು. ಅವನು ಹಾಗೆ ನಿಂತಿರದಿದ್ದರೆ ಹೊಡೆದೇ ಬಿಡುತ್ತಿದ್ದೆ. ಆ ನಿಂತ ರೀತಿ, ಗೋಡೆಯ ಅದೇ ಜಾಗ ನೋಡುವ ಕಣ್ಣು. ಕಡ್ಡಿ ಬಿಸಾಕಿದೆ. "ನಂಗೆ ಈಗ ತುಂಬ ಸಿಟ್ಟು ಬಂದೈತೆ. ನಾನು ಬೋರ್ ಹತ್ರ ಹೋಗ್ತೀನಿ. ಬಂದ ಮೇಲೆ ಮಾತಾಡೋಣ" ಅಂತ ಹೆಂಡತಿಗೆ ಕೇಳುವ ಹಾಗೆ, ಅವನಿಗೂ ಕೇಳುವ ಹಾಗೆ ಹೇಳಿ ಹೊರಟೆ. ಮೊದಲು ನಿಮ್ಮ ಸಿಟ್ಟು ಇಳಿಯಲಿ ಅಂತ ಆಪ್ತಸಮಾಲೋಚಕಿ ಹೇಳಿದ್ದರು. ಬೋರ್‌ವೆಲ್ ಹತ್ತಿರ ಪಂಪ್‌ಸೆಟ್ ಶೆಡ್ಡಿನ ಪಕ್ಕ ಒಂದು ಗಂಟೆ ಕೂತಿದ್ದೆ. ಅಳುವೂ ಬಂತು. ದುಡ್ಡು ಹೋದದ್ದಕ್ಕೋ, ಹುಡುಗ ಹಾಗೆ ನಿಂತದ್ದಕ್ಕೋ, ಈಗಲೂ ಗೊತ್ತಿಲ್ಲ.

ವಾಪಸ್ ಬಂದು ಅವನ ಪಕ್ಕ ಕೂತೆ. ಎದುರಿಗೆ ಅಲ್ಲ, ಪಕ್ಕಕ್ಕೆ. ಯಾಕೆ ಅಂತ ಕೇಳಲಿಲ್ಲ. ಯಾಕೆ ಅಂದರೆ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ. "ಬತ್ತಿ ಹಚ್ಚೋ ಮುಂಚೆ ಏನಾಯ್ತು, ಹೇಳು" ಅಂದೆ. ತುಂಬ ಹೊತ್ತಾದ ಮೇಲೆ ಬಾಯಿ ಬಿಟ್ಟ.

"ಹುಳು ಇಲ್ದಿದ್ರೆ ಭಾನುವಾರ ಅಮ್ಮನ ಹತ್ರ ಹೋಗಬೋದಲ್ಲ ಮಾವ."

ಮೂರು ಭಾನುವಾರದಿಂದ ನಾನು ಅವನಿಗೆ ಹೇಳುತ್ತಿದ್ದೆ. ಈ ವಾರ ಚಾಕಿ, ಅಂದರೆ ಮರಿಹುಳು, ಬರುತ್ತೆ, ಮುಂದಿನ ವಾರ. ಈ ವಾರ ಜ್ವರಕ್ಕೆ ಕೂತಿವೆ, ಮುಂದಿನ ವಾರ. ಈ ವಾರ ಸೊಪ್ಪು ಜಾಸ್ತಿ ಬೇಕು, ಬೆಳೆ ಆದ ಮೇಲೆ. ನಾನು ಹೇಳಿದ್ದನ್ನೆಲ್ಲ ಅವನು ನಂಬಿದ್ದ. ಅಮ್ಮನಿಗೂ ಅವನಿಗೂ ನಡುವೆ ಇರುವುದು ಹುಳು ಅಂತ ಲೆಕ್ಕ ಹಾಕಿದ್ದ. ಬೇಕೆಂದೇ ಮಾಡಿದ್ದ, ಸಾಯಲಿ ಅಂತಲೇ ಹಚ್ಚಿದ್ದ. ಹೊಡೆದಿದ್ದರೆ ಈ ಒಂದು ಮಾತು ನನಗೆ ಯಾವತ್ತೂ ಸಿಗುತ್ತಿರಲಿಲ್ಲ. ಕೆಟ್ಟ ಹುಡುಗ ಅಂತ ಹಣೆಪಟ್ಟಿ ಕಟ್ಟಿ ಮುಗಿಸಿಬಿಡುತ್ತಿದ್ದೆ.

ಹಾಗಂತ ಸುಮ್ನೆ ಬಿಡಲೂ ಇಲ್ಲ. ಹೊಡೆಯುವುದಿಲ್ಲ ಅಂದರೆ ಬಿಟ್ಟುಬಿಡುತ್ತಾರೆ ಅಂತ ಬಹಳ ಜನ ತಿಳಿದುಕೊಂಡಿದ್ದಾರೆ. ಏಟು ಐದು ನಿಮಿಷದ ಕೆಲಸ. ಅವನಿಗೂ ಅದೇ ಸುಲಭ, ಗೋಡೆ ನೋಡುತ್ತಾ ನಿಂತರೆ ಮುಗಿಯಿತು. ಇದು ಐದು ದಿನದ ಕೆಲಸ ಆಯಿತು. ಅವತ್ತು ಸಂಜೆ ಅವನೂ ನಾನೂ ತಟ್ಟೆ ತಟ್ಟೆಯಿಂದ ಸತ್ತ ಹುಳು ಬುಟ್ಟಿಗೆ ತುಂಬಿದೆವು. ತೋಟದ ಮೂಲೆಯಲ್ಲಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದೆವು. ಮೊದಲ ಬುಟ್ಟಿ ಹೊತ್ತಾಗ ಅವನ ಮುಖದಲ್ಲಿ ಏನೂ ಇರಲಿಲ್ಲ. ನಾಲ್ಕನೇ ಬುಟ್ಟಿಗೆ ಒಂದು ಹುಳು ಇನ್ನೂ ಅಲ್ಲಾಡುತ್ತಿತ್ತು. ಅದನ್ನು ಅಂಗೈ ಮೇಲೆ ಇಟ್ಟುಕೊಂಡು ನನ್ನ ಕಡೆ ನೋಡಿದ. ಆಗ ಅತ್ತ. ನಮ್ಮನೆಗೆ ಬಂದ ಆರು ತಿಂಗಳಲ್ಲಿ ಅದೇ ಮೊದಲು. ನಾನು ಏನೂ ಹೇಳಲಿಲ್ಲ. ಉಪದೇಶ ಮಾಡಬೇಕು ಅಂತ ನಾಲಿಗೆ ತುದಿಯ ತನಕ ಬಂದಿತ್ತು.

ಮಾರನೇ ದಿನದಿಂದ ಶಾಲೆ ಬಿಟ್ಟು ಬಂದ ಮೇಲೆ ಒಂದು ಗಂಟೆ ತಟ್ಟೆ ತೊಳೆಯುವುದಕ್ಕೆ ನೀರು ಹೊತ್ತ. ಬ್ಲೀಚಿಂಗ್ ಪೌಡರ್ ಅವನ ಕೈಗೆ ಕೊಡಲಿಲ್ಲ, ಅದು ದೊಡ್ಡವರ ಕೆಲಸ. ಊಟದ ಹೊತ್ತಿಗೆ ಊಟ, ಡೈರಿ ಹೊತ್ತಿಗೆ ಡೈರಿ. ಮಾತು ಬಿಡಲಿಲ್ಲ, ಮುಖ ತಿರುಗಿಸಲಿಲ್ಲ. ಐದು ದಿನ ಆದ ಮೇಲೆ "ಆಯ್ತು, ಮುಗೀತು" ಅಂತ ನಾನೇ ಹೇಳಿದೆ. ಮುಗಿಯಿತು ಅಂತ ಮಕ್ಕಳಿಗೆ ಹೇಳಬೇಕು. ಇಲ್ಲದಿದ್ದರೆ ಆ ತಪ್ಪು ಅವರ ಬೆನ್ನ ಮೇಲೇ ಇರುತ್ತದೆ.

ಮತ್ತೆ ಆ ಭಾನುವಾರ ಅವನನ್ನು ಅಕ್ಕನ ಹತ್ತಿರ ಕರೆದುಕೊಂಡು ಹೋದೆ.

ಇದಕ್ಕೆ ಮನೆಯಲ್ಲಿ ದೊಡ್ಡ ಜಗಳ ಆಯಿತು. "ಬೆಳೆ ಹಾಳು ಮಾಡಿದ್ದಕ್ಕೆ ಬಹುಮಾನವೇನೋ?" ಅಂದರು ಅಮ್ಮ. ಹೆಂಡತಿಯೂ ಅರ್ಧ ಅಮ್ಮನ ಕಡೆ. ಅವರ ಮಾತಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಅಮ್ಮನನ್ನು ನೋಡುವುದು ಬಹುಮಾನ ಅಲ್ಲ. ಅದು ನಾನು ಉಳಿಸಿಕೊಂಡಿದ್ದ ಬಾಕಿ. ಚಿಕ್ಕಬಳ್ಳಾಪುರದಲ್ಲಿ ಬಸ್ ಬದಲಿಸಿದೆವು. ನಂದಿ ಬೆಟ್ಟ ಕಂಡಾಗ ಅದರ ಮೇಲೆ ಯಾರಿರುತ್ತಾರೆ ಅಂತ ಕೇಳಿದ. ದಾರಿಯುದ್ದಕ್ಕೂ ಅಷ್ಟೇ ಮಾತು. ಅಕ್ಕನನ್ನು ಕಂಡ ತಕ್ಷಣ ಅವಳ ಸೆರಗಿನೊಳಗೆ ತಲೆ ಹಾಕಿದವನು ಅರ್ಧ ಗಂಟೆ ಹೊರಗೆ ತೆಗೆಯಲಿಲ್ಲ. ಆಮೇಲೆ ಅವಳಿಗೆ ತಾನೇ ಹೇಳಿದ, ಹುಳು ಸಾಯಿಸಿದೆ ಅಂತ. "ನಾನಲ್ಲ" ಅನ್ನಲಿಲ್ಲ.

ಏಟಿಗಿಂತ ಕೆಟ್ಟದ್ದು ಕೆಲವು ಇವೆ, ಅದನ್ನೂ ಹೇಳಬೇಕು. ಕೈ ಎತ್ತುವುದನ್ನು ಬಿಟ್ಟ ಮೇಲೆ ನಾಲಿಗೆ ಎತ್ತುವುದು ಜಾಸ್ತಿ ಆಗುತ್ತದೆ. ನಮ್ಮನೆಯಲ್ಲೂ ಆಯಿತು. ಒಂದು ದಿನ ಅಮ್ಮ ಸಿಟ್ಟಿನಲ್ಲಿ "ಥೇಟ್ ನಿಮ್ಮಪ್ಪನೇ ನೀನು" ಅಂದುಬಿಟ್ಟರು. ಹುಡುಗ ಎರಡು ದಿನ ಅನ್ನ ಮುಟ್ಟಲಿಲ್ಲ. ಬಾಸುಂಡೆ ವಾರಕ್ಕೆ ಇಳಿಯುತ್ತದೆ, ಇದು ಇಳಿಯುವುದಿಲ್ಲ. ಊಟ ಇಲ್ಲ ಅನ್ನುವುದು, ಕತ್ತಲೆ ಕೋಣೆಗೆ ಹಾಕುವುದು, ನೆಂಟರ ಮುಂದೆ ಅವನ ಕಳ್ಳತನದ ಕತೆ ಹೇಳಿ ನಗುವುದು, ನಿನ್ನ ಹಾಸ್ಟೆಲಿಗೆ ಹಾಕ್ತೀನಿ ಅಂತ ಹೆದರಿಸುವುದು. ಇವೆಲ್ಲ ಕೋಲಿಲ್ಲದ ಏಟು. ಒಮ್ಮೆ ಮನೆ ಕಳೆದುಕೊಂಡ ಮಗುವಿಗೆ ಮನೆಯಿಂದ ಕಳಿಸ್ತೀನಿ ಅನ್ನುವ ಬೆದರಿಕೆ ಮಾತ್ರ ಯಾವ ಕಾರಣಕ್ಕೂ ಹಾಕಬಾರದು. ಅಮ್ಮನ ಹತ್ತಿರ ಇದನ್ನು ಕೂತು ಮಾತಾಡಿದೆ. ಅವರಿಗೆ ಬೇಜಾರಾಯಿತು. ರಾತ್ರಿ ಅವನ ತಟ್ಟೆಗೆ ತಾವೇ ಮೊಸರನ್ನ ಕಲಸಿಕೊಟ್ಟರು. ಬಾಯಲ್ಲಿ ಏನೂ ಹೇಳಲಿಲ್ಲ.

ನಾನೂ ಒಮ್ಮೆ ತಪ್ಪಿದೆ. ಹೋದ ವರ್ಷ ಮಗಳ ಕಣ್ಣಿನ ಹತ್ತಿರ ಕಲ್ಲು ಬಿದ್ದಾಗ ಕೆನ್ನೆಗೆ ಒಂದು ಬಿಟ್ಟೆ. ಆಮೇಲೆ ಅವನ ಹತ್ತಿರ ಹೋಗಿ "ತಪ್ಪಾಯ್ತು ಕಣೋ. ನೀನು ಕಲ್ಲು ಹೊಡೆದಿದ್ದು ತಪ್ಪು, ನಾನು ಹೊಡೆದಿದ್ದೂ ತಪ್ಪು" ಅಂದೆ. ಅವನಿಗೆ ಏನು ಮಾಡಬೇಕು ತಿಳಿಯಲಿಲ್ಲ. ದೊಡ್ಡವರು ತಪ್ಪಾಯ್ತು ಅಂದದ್ದನ್ನು ಆ ಹುಡುಗ ಅಲ್ಲಿಯ ತನಕ ಕೇಳಿರಲಿಲ್ಲ. ನಾನು ಹೊಡೆದದ್ದನ್ನೂ ನೋಟ್‌ಬುಕ್ಕಿನಲ್ಲಿ ಬರೆದೆವು. ಅದಕ್ಕೆ ಮುಂಚೆ ಏನಾಗಿತ್ತು ಅನ್ನುವ ಕಾಲಂನಲ್ಲಿ ಹೆಂಡತಿ ಬರೆದಳು, "ರಾತ್ರಿಯೆಲ್ಲ ಸೊಪ್ಪು ಕಡಿದಿದ್ದರು, ನಿದ್ದೆ ಇಲ್ಲ."

ಆ ಸಾಲು ನನಗೆ ಬಹಳ ಕಲಿಸಿತು. ಮಕ್ಕಳ ತಪ್ಪಿಗಿಂತ ನಮ್ಮ ಸುಸ್ತಿಗೆ ಬಿದ್ದ ಏಟೇ ಜಾಸ್ತಿ ಅಂತ ನನ್ನ ಅನಿಸಿಕೆ. ನಮ್ಮಪ್ಪನ ಏಟುಗಳನ್ನು ನೆನೆಸಿಕೊಂಡರೂ ಅಷ್ಟೇ. ಗೂಡಿನ ರೇಟು ಬಿದ್ದ ದಿನ ಮಾರ್ಕೆಟಿನಿಂದ ಬಂದವರ ಕಣ್ಣಿಗೆ ನಾವು ಬೀಳಬಾರದಿತ್ತು. ಆದರೂ ಏಟು ತಿಂದೇ ನಾವು ಉದ್ಧಾರ ಆದೆವಲ್ಲ ಅನ್ನುವವರಿದ್ದಾರೆ. ನನ್ನ ವಿಷಯಕ್ಕೆ ಹೇಳುವುದಾದರೆ, ನಾನು ಏಟಿನಿಂದ ಕಲಿತದ್ದು ಸಿಕ್ಕಿಬೀಳದ ಹಾಗೆ ಸುಳ್ಳು ಹೇಳುವುದನ್ನು. ಒಳ್ಳೆಯದು ಏನಾದರೂ ಕಲಿತಿದ್ದರೆ ಅಪ್ಪ ತೋಟದಲ್ಲಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಸೊಪ್ಪು ಕಡಿಯುವುದು ಹೇಗೆ ಅಂತ ತೋರಿಸಿದ ದಿನಗಳಿಂದ. 50 ವರ್ಷಗಳ ಅಧ್ಯಯನಗಳನ್ನು, 1,60,000ಕ್ಕೂ ಹೆಚ್ಚು ಮಕ್ಕಳ ವಿವರಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ಸಂಶೋಧನೆ 2016ರಲ್ಲಿ ಅಮೆರಿಕದಲ್ಲಿ ಬಂತು. ಹೊಡೆತ ಜಾಸ್ತಿ ಬಿದ್ದ ಮಕ್ಕಳಲ್ಲಿ ಎದುರಾಡುವುದು, ಜಗಳ, ಮನಸ್ಸಿನ ತೊಂದರೆ ಜಾಸ್ತಿಯೇ ಕಂಡಿತ್ತು, ಮಾತು ಕೇಳುವುದು ಹೆಚ್ಚಿರಲಿಲ್ಲ. ಅದನ್ನು ಓದುವ ಮುಂಚೆಯೇ ನನಗೆ ಮನೆಯ ಹಿಂದೆ ನನ್ನದೇ ದನಿ ಕೇಳಿತ್ತಲ್ಲ.

ಇಂಥ ಮಗು ಮನೆಯಲ್ಲಿದ್ದರೆ ಒಬ್ಬರೇ ಒದ್ದಾಡಬೇಡಿ. ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ. 14416ಕ್ಕೆ ಫೋನ್ ಮಾಡಿದರೆ ಮನಸ್ಸಿನ ಕಷ್ಟಕ್ಕೆ ಸಲಹೆ ಸಿಗುತ್ತದೆ, ದೊಡ್ಡವರಿಗೂ. ಪಕ್ಕದ ಮನೆಯಲ್ಲಿ ಮಗುವಿಗೆ ಹಿಂಸೆ ಆಗುತ್ತಿದೆ ಅಂತ ಗೊತ್ತಿದ್ದರೆ ಮಕ್ಕಳ ಸಹಾಯವಾಣಿ 1098. ಭಾವ ಇದ್ದಾಗ ನಾನು ಆ ನಂಬರಿಗೆ ಮಾಡಬೇಕಿತ್ತು. ಮಾಡಲಿಲ್ಲ.

ಪುಟ್ಟನಿಗೆ ಈಗ ಹನ್ನೆರಡು. ಅಕ್ಕನ ಒಂದು ವರ್ಷ ಮೂರಾಯಿತು. ಅವಳು ಈಗ ಸ್ವಂತಕ್ಕೆ ಒಂದು ರೂಮು ಮಾಡಿದ್ದಾಳೆ, ಮುಂದಿನ ಜೂನ್‌ಗೆ ಕರೆದುಕೊಂಡು ಹೋಗುತ್ತಾಳಂತೆ. ಅವನು ಇನ್ನೂ ಸುಳ್ಳು ಹೇಳುತ್ತಾನೆ, ಮೊದಲಿಗಿಂತ ಕಮ್ಮಿ. ದಿಂಬಿನ ಕೆಳಗೆ ಈಗಲೂ ಒಂದು ಬಿಸ್ಕತ್ತು ಪ್ಯಾಕೆಟ್ ಇರುತ್ತದೆ. ಹೆಂಡತಿ ಹಾಸಿಗೆ ಕೊಡವಿ ಅದನ್ನು ಅಲ್ಲೇ ಇಡುತ್ತಾಳೆ, ಹಳೆಯದಾಗಿದ್ದರೆ ಹೊಸದು ಇಡುತ್ತಾಳೆ.

ಹೋದ ವಾರ ಹುಳು ಹಣ್ಣಾದವು, ಅಂದರೆ ಗೂಡು ಕಟ್ಟಲು ತಯಾರಾದವು. ಎಲ್ಲರೂ ಕೂತು ಹಣ್ಣು ಹುಳು ಆರಿಸಿ, ಅವು ಗೂಡು ಕಟ್ಟುವ ತಟ್ಟಿಗೆ, ಅದೇ ಚಂದ್ರಿಕೆಗೆ, ಬಿಡುತ್ತಿದ್ದೆವು. ಪುಟ್ಟನಿಗೆ ಅವನದೇ ಒಂದು ಚಂದ್ರಿಕೆ. ಒಂದೊಂದನ್ನೇ ಅಂಗೈ ಮೇಲೆ ತಂದು, ಸಾಲು ತಪ್ಪದ ಹಾಗೆ ಬಿಡುತ್ತಿದ್ದ. ಮಗಳು ಓಡಿಬಂದು ಅವನ ತಟ್ಟೆಗೆ ಕಾಲು ತಾಗಿಸಿದಳು. ಹುಳು ಎಲ್ಲ ನೆಲದ ಮೇಲೆ. ಅವನು ಎದ್ದ. ಕೈ ಮುಷ್ಟಿಯಾಗಿತ್ತು. ಕಡ್ಡಿ ರಾಶಿ ಅವನಿಂದ ಎರಡು ಮಾರು. ನಾನು ಏಳುವುದಕ್ಕೆ ಹೋದೆ, ಹೆಂಡತಿ ನನ್ನ ಕೈ ಹಿಡಿದಳು.

"ನಂಗೆ ಸಿಟ್ಟು ಬಂದೈತೆ. ಬೋರ್ ಹತ್ರ ಹೋಗ್ತೀನಿ" ಅಂದ. ಯಾರ ಮುಖವನ್ನೂ ನೋಡದೆ ಹೋದ.

ಸ್ವಲ್ಪ ಹೊತ್ತಿಗೆ ಪಂಪ್‌ಸೆಟ್ ಶೆಡ್ಡಿನ ತಗಡಿಗೆ ಕಲ್ಲು ಬೀಳುವ ಸದ್ದು ಶುರುವಾಯಿತು. ಮಗಳು ಅಳುತ್ತಾ ನೆಲದ ಮೇಲಿನ ಹುಳು ಆರಿಸಿ ಅವನ ತಟ್ಟೆಗೆ ಹಾಕುತ್ತಿದ್ದಳು. ನಾನು ಕಲ್ಲುಗಳನ್ನು ಎಣಿಸುತ್ತಾ ಕೂತೆ. ಹದಿನೇಳಕ್ಕೆ ಸದ್ದು ನಿಂತಿತು. ಅವನ ಚಂದ್ರಿಕೆಯಲ್ಲಿ ಇನ್ನೂ ಎರಡು ಸಾಲು ಖಾಲಿ ಇತ್ತು.